ಮಧುಮೇಹವೂ ರಕ್ತನಾಳದ ಒಳಪೊರೆಯೂ

ಈ ವರ್ಷದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪತ್ರ ಬರೆದಾಗ, ಅವರು ನನ್ನಿಂದ ನಿರೀಕ್ಷಿಸಿದ್ದುದು ಶಾಸನವೊಂದನ್ನು ಕುರಿತೋ ಷಟ್ಪದಿಯ ಲಕ್ಷಣವನ್ನು ಕುರಿತೋ ನಾಲ್ಕು ಮಾತುಗಳನ್ನೆಂಬುದನ್ನು ಬಲ್ಲೆನು. ಶ್ರೀಮಠದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಂಡಿತನಾಗಿ ಪಾಠ ಹೇಳಿ, ಪತ್ನಿಯ ಉದ್ಯೋಗ ನಿಮಿತ್ತವಾಗಿ ಘಟ್ಟವಿಳಿದು ಮಂಗಳೂರಿನ ಉರ್ವದಲ್ಲಿ ನೆಲೆಸಿದ ಈ ಏಳು ವರ್ಷಗಳಲ್ಲಿ ನಾನು ಅಂತಹ ಬರೆಹಗಳನ್ನೇ ಕಳುಹಿಸುತ್ತ ಬಂದಿದ್ದೇನೆ. ಈ ಸಲ ವಿಷಯವನ್ನು ಬದಲಿಸುವ ಸ್ವಾತಂತ್ರ್ಯವನ್ನು ವಹಿಸಿದ್ದೇನೆ. ಕಾರಣವಿಷ್ಟೆ: ನಮ್ಮ ಅಧ್ಯಾಪಕ ಬಂಧುಗಳಲ್ಲಾಗಲಿ ಹಳೆಯ ವಿದ್ಯಾರ್ಥಿಗಳಲ್ಲಾಗಲಿ ನಲವತ್ತು ದಾಟಿದ ನಾಲ್ವರು ಒಂದೆಡೆ ಸೇರಿದರೆ ‘ನಿಮಗೆಷ್ಟು?’ ಎಂಬ ಪ್ರಶ್ನೆ ಏಳುತ್ತದೆ. ಅದು ಸಂಬಳದ ವಿಚಾರವಾಗಿರುವುದಿಲ್ಲ, ರಕ್ತದಲ್ಲಿನ ಸಕ್ಕರೆಯ ವಿಚಾರವಾಗಿರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವವರ ಸಾಲಿನಲ್ಲಿ ನಾಲ್ಕು ವರ್ಷಗಳಿಂದ ನಾನೂ ಇದ್ದೇನೆ.

ನಾನು ವೈದ್ಯನಲ್ಲ. ಆದರೆ ಪಂಡಿತನಾದವನಿಗೆ ರೋಗ ಬಂದರೂ ಮೊದಲು ಕಣ್ಣು ಹೋಗುವುದು ಅದರ ಹೆಸರಿನ ಕಡೆಗೆ. ‘ಮಧುಮೇಹ’ ಎಂಬಲ್ಲಿನ ಮೇಹ ಶಬ್ದ ‘ಮಿಹ್’ ಧಾತುವಿನಿಂದ ಬಂದುದು. ಸುರಿಯುವುದು, ಮೂತ್ರ ವಿಸರ್ಜಿಸುವುದು ಎಂಬುದು ಅದರ ಅರ್ಥ. ಚರಕಸಂಹಿತೆಯು ಪ್ರಮೇಹಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಕಫದಿಂದ ಹುಟ್ಟುವುವು 10, ಪಿತ್ತದಿಂದ 6, ವಾತದಿಂದ 4 ಎಂದು ಲೆಕ್ಕ ಹಾಕಿ, ಮಧುಮೇಹವನ್ನು ಕೊನೆಯ ಗುಂಪಿನಲ್ಲಿ ಸೇರಿಸಿದೆ. ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯ ಇವುಗಳನ್ನು ಕಾರಣಗಳೆಂದು ಎಣಿಸಿದೆ. ಅಧ್ಯಾಪಕರ ಕೊಠಡಿಯನ್ನು ನೋಡಿಯೇ ಬರೆದಂತಿದೆಯಲ್ಲವೇ! ಇನ್ನು ಗ್ರೀಕರು ಇಟ್ಟ ‘ಡಯಾಬಿಟೀಸ್’ ಎಂಬ ಹೆಸರಿಗೆ ಒಳಹೊಕ್ಕು ಹಾದುಹೋಗುವುದು ಎಂದರ್ಥ. ಕುಡಿದ ನೀರು ನಿಲ್ಲದೆ ಹೊರಬೀಳುವುದನ್ನು ಕಂಡು ಇಟ್ಟ ಹೆಸರು. ‘ಮೆಲ್ಲಿಟಸ್’ ಎಂಬುದು ಜೇನಿಗೆ ಸಂಬಂಧಿಸಿದ ಲ್ಯಾಟಿನ್ ವಿಶೇಷಣ. ನಮ್ಮ ಹಳೆಯ ಪಠ್ಯಗಳಲ್ಲಿ ‘ಸಿಹಿಮೂತ್ರ ರೋಗ’ವೆಂದಿತ್ತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿದ್ದ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು 1776ರಲ್ಲಿ ರೋಗಿಯ ಮೂತ್ರವನ್ನು ಬತ್ತಿಸಿ ಉಳಿದುದು ಸಕ್ಕರೆಯೆಂದು ತೋರಿಸಿದುದಲ್ಲದೆ ರಕ್ತದ ರಸವೂ ಸಿಹಿಯಾಗಿರುವುದೆಂದು ತಿಳಿಸಿದನು. ಆದರೂ ಹೆಸರುಗಳು ಬದಲಾಗಲಿಲ್ಲ. ಪೂರ್ವದವೂ ಪಶ್ಚಿಮದವೂ ಎಲ್ಲವೂ ದೇಹದಿಂದ ಹೊರಗೆ ಹೋಗುವುದನ್ನು ನೋಡಿ ಹುಟ್ಟಿದ ಹೆಸರುಗಳೇ. ಹೊರಗೆ ಹೋಗದೆ ರಕ್ತದಲ್ಲಿಯೇ ಸುತ್ತುತ್ತಿರುವ ಸಕ್ಕರೆ ಒಳಗೆ ಏನು ಮಾಡುತ್ತದೆ ಎಂಬುದನ್ನು ಈ ಯಾವ ಹೆಸರೂ ಹೇಳುವುದಿಲ್ಲ.

ಹೆಸರಿನ ಈ ಕೊರತೆಯಿಂದ ನಷ್ಟವಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಶಾಲೆಯಲ್ಲಿ ಗಣಿತ ಬೋಧಿಸುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಹೆಸರು ಹೇಳದಿದ್ದರೂ ಹಳೆಯ ವಿದ್ಯಾರ್ಥಿಗಳು ಗುರುತಿಸಿಯಾರು. ಅವರಿಗೆ ಐವತ್ತರ ಸುಮಾರಿನಲ್ಲಿ ಒಂದು ಚಿಕಿತ್ಸಾಲಯದಲ್ಲಿ ‘ಸ್ವಲ್ಪ ಸಕ್ಕರೆ ಇದೆ, ಸಿಹಿ ಬಿಡಿ’ ಎಂದು ಹೇಳಿ ಕಳುಹಿಸಿದರು. ಅವರು ಸಿಹಿಯನ್ನು ಬಿಟ್ಟರು. ಕಾಫಿಗೆ ಸಕ್ಕರೆ ಇಲ್ಲ. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸಲು ಬಂದವರಿಗೆ ಎಲೆಯ ಮೇಲೆ ಅಡ್ಡಗೈ. ಹಸಿದ ಹೊಟ್ಟೆಯ ಅಂಕಿ 130ರ ಆಸುಪಾಸಿನಲ್ಲಿಯೇ ಇದ್ದುದರಿಂದ ಲೆಕ್ಕ ತೀರಿತೆಂದೇ ಅವರ ಭಾವನೆ. ನಿವೃತ್ತರಾದ ವರ್ಷ ಹೊಸ ಪಾದರಕ್ಷೆ ಕಿರುಬೆರಳನ್ನು ಕಚ್ಚಿತು. ನೋವು ತಿಳಿಯಲಿಲ್ಲವಾದ್ದರಿಂದ ಅದನ್ನು ಯಾರೂ ನೋಡಲಿಲ್ಲ. ಎರಡು ತಿಂಗಳಲ್ಲಿ ಬೆರಳು ಕಪ್ಪಾಯಿತು. ಆಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಆ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಶಸ್ತ್ರವೈದ್ಯರು ನಮಗೆ ಹೇಳಿದ ಮಾತು ಇದು: “ಗಾಯ ದೊಡ್ಡದಲ್ಲ, ಗಾಯವನ್ನು ಮಾಯಿಸಬೇಕಾದ ರಕ್ತಕ್ಕೆ ಅಲ್ಲಿಗೆ ಹೋಗುವ ದಾರಿಯೇ ಕೆಟ್ಟಿತ್ತು.” ದಾರಿ ಕೆಡುವುದೆಂದರೇನು, ಸಿಹಿ ತಿನ್ನದವರಿಗೂ ಅದು ಹೇಗೆ ಕೆಟ್ಟಿತು ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತ ಪ್ರಶ್ನೆ. ನನ್ನ ಸರದಿ ಬಂದಾಗ ಅದು ಕೇವಲ ಜಿಜ್ಞಾಸೆಯಾಗಿ ಉಳಿಯಲಿಲ್ಲ.

ಈ ಪ್ರಶ್ನೆಗೆ ನನಗೆ ಪಾಠ ಹೇಳಿದವಳು ನನ್ನ ವಿದ್ಯಾರ್ಥಿನಿಯೇ. ಶಾಲೆಯಲ್ಲಿದ್ದಾಗ ಹಳಗನ್ನಡವೆಂದರೆ ಮುಖ ಕಿವಿಚುತ್ತಿದ್ದ ಆ ಹುಡುಗಿ ಈಗ ಜೀವಕೋಶಗಳ ಸಂಶೋಧನೆಯಲ್ಲಿ ತೊಡಗಿದ್ದಾಳೆ. ನವರಾತ್ರಿಯ ರಜೆಯಲ್ಲಿ ಉರ್ವದ ಮನೆಗೆ ಬಂದಾಗ ಎರಡು ಸಂಜೆ ಕುಳಿತು ವಿವರಿಸಿದಳು. ನಾನು ಟಿಪ್ಪಣಿ ಬರೆದುಕೊಂಡೆ, ಅವಳು ತಿದ್ದಿದಳು.

ರಕ್ತನಾಳವನ್ನು ನಾವು ನಲ್ಲಿಯ ಕೊಳವೆಯೆಂದು ಭಾವಿಸುತ್ತೇವೆ. ತುಂಬೆಯ ಅಣೆಕಟ್ಟಿನಿಂದ ನಮ್ಮ ಮನೆಗೆ ನೇತ್ರಾವತಿಯ ನೀರು ತರುವ ಕೊಳವೆಯಂತೆ ಇದೂ ಒಂದು ಎಂಬ ಭಾವನೆ. ಕೊಳವೆಯಲ್ಲಿ ಕೊಬ್ಬು ಕಟ್ಟಿಕೊಂಡಿತು, ಮುಚ್ಚಿಹೋಯಿತು ಎಂಬುದು ಲೋಕರೂಢಿಯ ಮಾತು. ವಸ್ತುಸ್ಥಿತಿ ಬೇರೆ. ನಾಳದ ಒಳಮೈಗೆ ಜೀವವಿದೆ. ಹೃದಯದಿಂದ ಹೊರಡುವ ಹೆಬ್ಬೆರಳಿನ ಗಾತ್ರದ ಮಹಾಧಮನಿ ಮೊದಲುಗೊಂಡು ಕೂದಲಿಗಿಂತ ತೆಳ್ಳಗಿನ ಲೋಮನಾಳದವರೆಗೆ, ಒಂದೇ ಒಂದು ಜೀವಕೋಶದಷ್ಟು ದಪ್ಪದ ಪೊರೆಯೊಂದು ಒಳಗಡೆ ಹಾಸಿಕೊಂಡಿದೆ. ನೆಲಕ್ಕೆ ಚಪ್ಪಡಿ ಹಾಸಿದಂತೆ ಕೋಶಗಳು ಅಂಚಿಗೆ ಅಂಚು ಕೂಡಿಸಿ ರಕ್ತ ಹರಿಯುವ ದಿಕ್ಕಿಗೇ ಉದ್ದವಾಗಿ ಮಲಗಿರುತ್ತವೆ. ಇದಕ್ಕೆ ‘ಎಂಡೋಥೀಲಿಯಂ’ ಎಂದು ಹೆಸರಿಟ್ಟವನು ವಿಲ್‌ಹೆಲ್ಮ್ ಹಿಸ್ ಎಂಬ ಅಂಗರಚನಾಶಾಸ್ತ್ರಜ್ಞ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ, 1865ರಲ್ಲಿ. ಮಂಗಳೂರಿನವರಿಗೆ ಆ ಊರೂ ಆ ವರ್ಷವೂ ಪರಿಚಿತವೇ. ಅದೇ ಬಾಸೆಲಿನ ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದುದೂ 1865ರಲ್ಲಿಯೇ. ಹೆಸರಿನ ವಿಚಾರದಲ್ಲಿ ಮಾತ್ರ ಆ ಮಹಾಶಯನು ಎಡವಿದ್ದಾನೆ. ‘ಥೀಲಿ’ ಎಂದರೆ ಗ್ರೀಕಿನಲ್ಲಿ ಮೊಲೆತೊಟ್ಟು. ಮೊದಲು ‘ಎಪಿಥೀಲಿಯಂ’ ಎಂಬುದನ್ನು ಆ ಭಾಗದ ಮೇಲಿನ ತೆಳುಪೊರೆಗೆ ಬಳಸಿ, ಅನಂತರ ಅದರ ಮಾದರಿಯಲ್ಲಿ ಇದನ್ನು ಕಟ್ಟಿದ್ದರಿಂದ ‘ತೊಟ್ಟಿನೊಳಗಿನದು’ ಎಂಬ ಅಸಂಬದ್ಧಾರ್ಥ ಉಳಿದುಕೊಂಡಿತು. ನಾನು ಇದನ್ನು ‘ಒಳಪೊರೆ’ ಎನ್ನುತ್ತೇನೆ. ಕನ್ನಡದಲ್ಲಿ ‘ಪೊರೆ’ ನಾಮಪದವಾದರೆ ಪದರ. ಕ್ರಿಯಾಪದವಾದರೆ ಕಾಪಾಡು, ಸಲಹು. ಈ ವಸ್ತುವಿಗೆ ಎರಡು ಅರ್ಥವೂ ಸಲ್ಲುತ್ತದೆ.

ಪೊರೆಯುವುದು ಹೇಗೆಂಬುದನ್ನು ಲೋಕ ತಿಳಿದುದು ತೀರ ಈಚೆಗೆ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ಪಟ್ಟಿಗಳಿಗೆ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಸೋಂಕಿಸಿ ನೋಡುತ್ತಿದ್ದನು. ಪಟ್ಟಿಗಳು ಒಮ್ಮೆ ಸಡಿಲುತ್ತಿದ್ದುವು, ಒಮ್ಮೆ ಬಿಗಿಯುತ್ತಿದ್ದುವು. ವಿಚಾರಿಸಿದಾಗ, ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋದ ಪಟ್ಟಿಗಳು ಸಡಿಲುವುದಿಲ್ಲವೆಂದು ಗೊತ್ತಾಯಿತು. ಕೇವಲ ಹೊದಿಕೆಯೆಂದು ಎಣಿಸಿದ್ದ ಪೊರೆಯೇ ನಾಳಕ್ಕೆ ‘ಸಡಿಲು’ ಎಂದು ಅಪ್ಪಣೆ ಕೊಡುತ್ತಿತ್ತು. 1980ರಲ್ಲಿ ಇದು ಪ್ರಕಟವಾಯಿತು. ಆ ಅಪ್ಪಣೆಯನ್ನು ಒಯ್ಯುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ, ಕೆಲವೇ ಕ್ಷಣ ಬದುಕುವ ಅನಿಲವೆಂದು ಆಮೇಲೆ ತಿಳಿದು, ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಳಪೊರೆ ಈ ಅನಿಲವನ್ನು ಹಗಲಿರುಳು ತಯಾರಿಸುತ್ತದೆ. ಅದರಿಂದ ನಾಳ ಹಿಗ್ಗುತ್ತದೆ. ರಕ್ತದ ಕಿರುಬಿಲ್ಲೆಗಳು ಗೋಡೆಗೆ ಅಂಟದೆ ಜಾರುತ್ತವೆ. ಬಿಳಿಯ ರಕ್ತಕಣಗಳು ನಿಲ್ಲದೆ ಮುಂದೆ ಸಾಗುತ್ತವೆ. ಆರೋಗ್ಯವಂತನ ರಕ್ತನಾಳವೆಂದರೆ ಯಾವುದೂ ಅಂಟದ ನಾಳ ಎಂದು ನನ್ನ ವಿದ್ಯಾರ್ಥಿನಿ ಒಂದೇ ಮಾತಿನಲ್ಲಿ ಹೇಳಿದಳು.

ಈಗ ಸಕ್ಕರೆಗೆ ಬರೋಣ. ಆರೋಗ್ಯವಂತ ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿದ್ದು, 100 ಮಿಲಿಲೀಟರಿಗೆ 100 ಮಿಲಿಗ್ರಾಮಿನಂತೆ ಹಿಡಿದರೆ, ಒಟ್ಟು ರಕ್ತದಲ್ಲಿ ಒಂದು ಸಮಯಕ್ಕೆ ಇರುವ ಸಕ್ಕರೆ ಸುಮಾರು 5 ಗ್ರಾಂ, ಎಂದರೆ ಒಂದು ಚಹಾ ಚಮಚ. ಅಂಕಿ 200ಕ್ಕೆ ಏರಿದಾಗ ಎರಡು ಚಮಚ. ಆರೋಗ್ಯಕ್ಕೂ ರೋಗಕ್ಕೂ ಇರುವ ಅಂತರ ಒಂದು ಚಮಚವೆಂದು ಲೆಕ್ಕ ಮಾಡಿ ಕಂಡಾಗ ಗಣಿತದ ಮೇಷ್ಟರ ಆ ‘ಸ್ವಲ್ಪ’ ಎಂಬ ವಿಶೇಷಣ ನೆನಪಾಯಿತು. ಸ್ವಲ್ಪವೆಂಬುದು ಸತ್ಯವೇ, ಆದರೆ ಆ ಚಮಚ ಹತ್ತು ವರ್ಷ, ಹಗಲೂ ಇರುಳೂ, ಅದೇ ಒಂದು ಕೋಶದ ಪೊರೆಯನ್ನು ತೊಳೆಯುತ್ತಿರುತ್ತದೆ.

ಎಲ್ಲ ಕೋಶಗಳೂ ಇದಕ್ಕೆ ಸಮಾನವಾಗಿ ಬಲಿಯಾಗುವುದಿಲ್ಲ. ಕರಾವಳಿಗೆ ಬಂದ ಮೊದಲ ಮಳೆಗಾಲದಲ್ಲಿ ನನಗೊಂದು ಅನುಭವವಾಯಿತು. ಘಟ್ಟದ ಮೇಲಿನಿಂದ ತಂದ ಪುಸ್ತಕಗಳಲ್ಲಿ ಟ್ರಂಕಿನೊಳಗೆ ಮುಚ್ಚಿಟ್ಟವು ಆಷಾಢವನ್ನು ದಾಟಿದುವು. ತೆರೆದ ಕಪಾಟಿನಲ್ಲಿದ್ದವುಗಳಿಗೆ ಬೂಷ್ಟು ಹಿಡಿಯಿತು. ಹೊರಗಿನ ತೇವ ಎಷ್ಟೋ ಕಪಾಟಿನೊಳಗಿನ ತೇವವೂ ಅಷ್ಟೆ. ನಮ್ಮ ಮಾಂಸಖಂಡದ ಕೋಶ ಟ್ರಂಕಿನಂತೆ. ಇನ್ಸುಲಿನ್ ಎಂಬ ಬೀಗದಕೈ ಬಂದಾಗ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸಾಕಾದಾಗ ಮುಚ್ಚುತ್ತದೆ. ಒಳಪೊರೆಯ ಕೋಶಕ್ಕೆ ಅಂತಹ ಬಾಗಿಲಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಕೋಶದೊಳಗೂ ಏರುತ್ತದೆ. ಕಣ್ಣಿನ ಅಕ್ಷಿಪಟ, ಮೂತ್ರಪಿಂಡ, ನರ ಇವುಗಳ ಕೆಲವು ಕೋಶಗಳ ಪಾಡೂ ಹೀಗೆಯೇ. ಮಧುಮೇಹ ಆ ಅಂಗಗಳನ್ನೇ ಆರಿಸಿಕೊಂಡು ಕೆಡಿಸುವುದು ಇದರಿಂದ.

ಒಳನುಗ್ಗಿದ ಸಕ್ಕರೆಯನ್ನು ಕೋಶವು ತನ್ನ ಒಲೆಗಳಾದ ಮೈಟೊಕಾಂಡ್ರಿಯಗಳಲ್ಲಿ ಉರಿಸಬೇಕು. ಒಲೆಗೆ ಮಿತಿಮೀರಿ ಸೌದೆ ತುಂಬಿದರೆ ಬೆಂಕಿಗಿಂತ ಹೊಗೆ ಹೆಚ್ಚು. ಸೂಪರಾಕ್ಸೈಡ್ ಎಂಬ ಉಗ್ರ ಕಣಗಳೇ ಆ ಹೊಗೆ. ಅವು ಮೊದಲು ಮಾಡುವ ಅನಾಹುತವೆಂದರೆ ಆಗತಾನೆ ತಯಾರಾದ ನೈಟ್ರಿಕ್ ಆಕ್ಸೈಡಿನೊಡನೆ ಕೂಡಿ ಅದನ್ನು ನಾಶಮಾಡುವುದು. ಅಷ್ಟೇ ಅಲ್ಲದೆ ಕೂಡಿದ್ದರಿಂದ ಹುಟ್ಟಿದ ಹೊಸ ವಸ್ತುವೂ ವಿಷವೇ. ನಾಳ ಬಿಗಿಯಾಗುತ್ತದೆ. ಅಂಟಬಾರದ್ದು ಅಂಟತೊಡಗುತ್ತದೆ. ಮಧುಮೇಹದ ಹಾನಿಗೆ ನಾಲ್ಕು ರಾಸಾಯನಿಕ ಮಾರ್ಗಗಳನ್ನು ವಿಜ್ಞಾನಿಗಳು ಬೇರೆ ಬೇರೆಯಾಗಿ ಗುರುತಿಸಿದ್ದರು. ಈ ನಾಲ್ಕಕ್ಕೂ ಮೂಲ ಈ ಹೊಗೆಯೇ ಎಂಬ ಏಕಸೂತ್ರವನ್ನು 2001ರಲ್ಲಿ ಮುಂದಿಟ್ಟವರು ಅಮೆರಿಕದ ಮೈಕೇಲ್ ಬ್ರೌನ್‌ಲೀ. ಆ ನಾಲ್ಕರ ವಿವರಕ್ಕೆ ನಾನು ಹೋಗುವುದಿಲ್ಲ, ಒಂದನ್ನು ಬಿಟ್ಟು. ದೋಸೆ ಕಾವಲಿಯ ಮೇಲೆ ಕೆಂಪಾಗುವುದನ್ನೂ ಹಾಲು ಕುದಿಕುದಿದು ಖೋವ ಬಣ್ಣಕ್ಕೆ ತಿರುಗುವುದನ್ನೂ ಎಲ್ಲರೂ ಬಲ್ಲರು. ಸಕ್ಕರೆ ಮತ್ತು ಸಸಾರಜನಕ ಬಿಸಿಯಲ್ಲಿ ಬೆಸೆದುಕೊಳ್ಳುವ ಈ ಕ್ರಿಯೆಯನ್ನು ಫ್ರಾನ್ಸಿನ ಮೇಯಾರ್ 1912ರಲ್ಲಿ ವರ್ಣಿಸಿದನು. ಕಾವಲಿಯ ಮೇಲೆ ನಿಮಿಷಗಳಲ್ಲಿ ಆಗುವ ಅದೇ ಕೆಂಪು ನಮ್ಮ ಮೈಯ ಬಿಸಿಯಲ್ಲಿ ವರ್ಷಗಳಲ್ಲಿ ಆಗುತ್ತದೆ. ಹಾಗೆ ಬೆಸೆದ ವಸ್ತುಗಳಿಂದ ನಾಳದ ಗೋಡೆ ಪೆಡಸಾಗುತ್ತದೆ, ಮತ್ತು ಅವುಗಳನ್ನು ಹಿಡಿಯುವ ಗ್ರಾಹಕಗಳು ಒಳಪೊರೆಯ ಕೋಶದ ಮೇಲಿದ್ದು ಕೋಶಕ್ಕೆ ಅಪಾಯದ ಸೂಚನೆ ಕೊಡುತ್ತವೆ.

ಅಪಾಯದ ಸೂಚನೆ ಸಿಕ್ಕಿದಾಗ ಏನಾಗುತ್ತದೆ? ಕೋಶದ ಹೊರವಲಯದಲ್ಲಿ ಎನ್‌ಎಫ್ ಕಪ್ಪ ಬಿ ಎಂಬ ಒಂದು ಅಣು, ಇನ್ನೊಂದು ಅಣುವಿನ ಹಿಡಿತದಲ್ಲಿ ಸುಮ್ಮನಿರುತ್ತದೆ. ಇದನ್ನು 1986ರಲ್ಲಿ ಬೆಳಕಿಗೆ ತಂದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಸೂಚನೆ ಬಂದೊಡನೆ ಹಿಡಿತ ಕಳಚುತ್ತದೆ. ಅಣು ಕೋಶಕೇಂದ್ರಕ್ಕೆ ಹೊಕ್ಕು, ಮುಚ್ಚಿದ್ದ ಕೆಲವು ವಂಶವಾಹಿಗಳನ್ನು ತೆರೆಯುತ್ತದೆ. ಆಗ ಒಳಪೊರೆಯ ನುಣುಪು ಮೈಮೇಲೆ ಕೊಕ್ಕೆಗಳಂತಹ ಅಣುಗಳು ಏಳುತ್ತವೆ. ಹರಿದುಹೋಗುತ್ತಿದ್ದ ಬಿಳಿಯ ಕಣಗಳು ಕೊಕ್ಕೆಗೆ ತಗುಲಿ, ಉರುಳಿ, ನಿಂತು, ಕೋಶಗಳ ನಡುವೆ ನುಸುಳಿ ಗೋಡೆಯೊಳಗೆ ಸೇರುತ್ತವೆ. ಅಲ್ಲಿಗೆ ಬಂದ ಕೊಬ್ಬನ್ನು ನುಂಗಿ ನುಂಗಿ ನೊರೆಯಂತೆ ಉಬ್ಬುತ್ತವೆ. ‘ಕೊಬ್ಬು ಕಟ್ಟಿಕೊಂಡಿತು’ ಎಂಬ ಲೋಕದ ಮಾತಿನ ಹಿಂದಿನ ಕಥೆ ಇದು. ಗಾಯವಿಲ್ಲದೆ, ರೋಗಾಣುವಿಲ್ಲದೆ, ದೇಹವು ತನ್ನ ಸೈನ್ಯವನ್ನು ತನ್ನದೇ ಗೋಡೆಯೊಳಗೆ ಕರೆಸಿಕೊಂಡಂತಾಯಿತು.

ಇದನ್ನೇ ವೈದ್ಯರು ಉರಿಯೂತವೆನ್ನುತ್ತಾರೆ. ಇಲ್ಲಿ ಮತ್ತೆ ಪದದ ತೊಡಕು. ಉರಿ, ಊತ ಎರಡೂ ಕೂಡಿ ಆದ ಸಮಾಸವಿದು. ಅಚ್ಚಗನ್ನಡದ ಅಂದವಾದ ಪದ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬವನು ಇದಕ್ಕೆ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣಗಳನ್ನು ಹೇಳಿದನು. ಚೇಳು ಕುಟುಕಿದ ಬೆರಳಿಗೆ ನಾಲ್ಕೂ ಸಲ್ಲುತ್ತವೆ. ರಕ್ತನಾಳದ ಒಳಗಿನ ಉರಿಯೂತಕ್ಕೆ ಉರಿಯೂ ಇಲ್ಲ, ಕಣ್ಣಿಗೆ ಕಾಣುವ ಊತವೂ ಇಲ್ಲ, ನೋವಂತೂ ಇಲ್ಲವೇ ಇಲ್ಲ. ‘ನನಗೇನೂ ತೊಂದರೆಯಿಲ್ಲ, ಅಂಕಿ ಮಾತ್ರ ಹೆಚ್ಚು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ತಿಳಿಸುವ ನಾಲಗೆ ಆ ಪೊರೆಗಿಲ್ಲ. ಇದು ಕೇವಲ ತರ್ಕವೂ ಅಲ್ಲ. ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ, ಕೊಬ್ಬನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧವನ್ನು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂದಿತು. ಮತ್ತೆ ಆಘಾತವಾಗುವುದು ಕಡಿಮೆಯಾಗಿತ್ತು.

ಪ್ರಯೋಗಾಲಯದಲ್ಲಿ ಇವೆಲ್ಲವನ್ನು ನೋಡುವ ಬಗೆ ನನಗೆ ಸೋಜಿಗವೆನಿಸಿತು. ಒಳಪೊರೆಯ ಕೋಶಗಳು ಸಿಕ್ಕುವುದು ಹೊಕ್ಕುಳಬಳ್ಳಿಯಲ್ಲಿ. ನಮ್ಮ ಹಳ್ಳಿಗಳಲ್ಲಿ ಹೆರಿಗೆಯ ಬಳಿಕ ಮಣ್ಣಿನಲ್ಲಿ ಹೂಳುತ್ತಿದ್ದ ಆ ಬಳ್ಳಿಯ ಅಭಿಧಮನಿಯಿಂದ ಕೋಶಗಳನ್ನು ಬಿಡಿಸಿ ಬೆಳೆಸುವ ವಿಧಾನ 1973ರಿಂದ ರೂಢಿಯಲ್ಲಿದೆ. ಒಂದು ತಟ್ಟೆಯ ಕೋಶಗಳಿಗೆ ಸಹಜ ಪ್ರಮಾಣದ ಸಕ್ಕರೆ, ಇನ್ನೊಂದಕ್ಕೆ ಅಧಿಕ. ಅವಳು ತನ್ನ ದೂರವಾಣಿಯಲ್ಲಿ ಚಿತ್ರಗಳನ್ನು ತೋರಿಸಿದಳು. ಮೊದಲ ತಟ್ಟೆಯಲ್ಲಿ ಹಾಸಿದ ಕಲ್ಲಿನಂತೆ ಒತ್ತಾದ ಸಾಲು, ಎರಡನೆಯದರಲ್ಲಿ ಸಂದುಗಳು ಬಿಟ್ಟುಕೊಂಡು ಅಲ್ಲಲ್ಲಿ ದುಂಡಗಾಗಿ ಮುದುಡಿದ ಕೋಶಗಳು. ನಾನೊಂದು ಆಕ್ಷೇಪವೆತ್ತಿದೆ. ಎರಡನೆಯ ತಟ್ಟೆಗೆ ಸಾಮಾನ್ಯವಾಗಿ ಹಾಕುವ ಸಕ್ಕರೆಯ ಪ್ರಮಾಣ ನಮ್ಮ ಲೆಕ್ಕದಲ್ಲಿ 450ರಿಂದ 540. ಅಷ್ಟು ಸಕ್ಕರೆ ದಿನವಿಡೀ ಹೊತ್ತು ತಿರುಗುವ ರೋಗಿ ಅಪರೂಪ. ತಟ್ಟೆಯಲ್ಲಿ ಎರಡು ದಿನದಲ್ಲಿ ಆದುದು ದೇಹದಲ್ಲಿಯೂ ಹಾಗೆಯೇ ಆಗುವುದೆಂದು ಹೇಗೆ ಹೇಳುವುದು? ಆಕ್ಷೇಪ ಸರಿಯೆಂದೇ ಅವಳು ಒಪ್ಪಿದಳು. ಆದುದರಿಂದಲೇ ಮನುಷ್ಯರ ಮೇಲೆ ನಡೆದ ದೀರ್ಘಕಾಲದ ಅಧ್ಯಯನಗಳನ್ನೂ ಜೊತೆಗೆ ಓದಬೇಕು ಎಂದಳು. ತಟ್ಟೆಯ ಪ್ರಯೋಗಗಳಲ್ಲಿ ಎರಡು ಮಾತ್ರ ನನ್ನ ಮನಸ್ಸಿನಲ್ಲಿ ನಾಟಿದುವು. ಒಂದು, ಇಟಲಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದುದು: ಒಂದೇ ಸಮನೆ ಅಧಿಕವಾಗಿದ್ದ ಸಕ್ಕರೆಗಿಂತ, ಏರಿ ಇಳಿದು ಏರಿ ಇಳಿಯುತ್ತಿದ್ದ ಸಕ್ಕರೆ ಕೋಶಗಳನ್ನು ಹೆಚ್ಚಾಗಿ ಕೊಂದಿತು. ಮತ್ತೊಂದು 2008ರದು, ಎಲ್-ಓಸ್ಟಾ ಮತ್ತು ಸಂಗಡಿಗರು ಮಹಾಧಮನಿಯ ಒಳಪೊರೆಯ ಕೋಶಗಳನ್ನು 16 ಗಂಟೆ ಮಾತ್ರ ಅಧಿಕ ಸಕ್ಕರೆಯಲ್ಲಿಟ್ಟು ಬಳಿಕ ಸಹಜ ಪ್ರಮಾಣಕ್ಕೆ ಮರಳಿಸಿದರು. ಆರು ದಿನ ಕಳೆದರೂ ಉರಿಯೂತದ ವಂಶವಾಹಿಯ ಮೇಲೆ ಬಿದ್ದ ಗುರುತು ಅಳಿಸಿರಲಿಲ್ಲ. ಇಂಗು ಖಾಲಿಯಾದರೂ ಡಬ್ಬಿಯಲ್ಲಿ ವಾಸನೆ ಉಳಿಯುವಂತೆ ಕೋಶದಲ್ಲಿ ಒಂದು ಸಂಸ್ಕಾರ ಉಳಿಯಿತು.

ಮನುಷ್ಯರಲ್ಲಿಯೂ ಈ ನೆನಪು ಕಂಡಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ ಒಂದನೆಯ ಬಗೆಯ ಮಧುಮೇಹವಿದ್ದ 1441 ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಅಂದಿನ ವಾಡಿಕೆಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬಿಗಿಯಾದ ಚಿಕಿತ್ಸೆಯನ್ನೂ ಕೊಟ್ಟರು. ಪ್ರಯೋಗ ಮುಗಿದ ಮೇಲೆ ಎರಡು ಪಂಗಡಗಳ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ ಆಯಿತು. ಆದರೂ 2005ರಲ್ಲಿ ಲೆಕ್ಕ ಹಾಕಿದಾಗ, ಮೊದಲಿಗೆ ಬಿಗಿಯಾದ ಚಿಕಿತ್ಸೆ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಶೇಕಡಾ 42ರಷ್ಟು ಕಡಿಮೆಯಿದ್ದುವು. ಆರಂಭದ ವರ್ಷಗಳಲ್ಲಿ ಮಾಡಿದ ಸಂರಕ್ಷಣೆ ಹತ್ತು ಹನ್ನೆರಡು ವರ್ಷಗಳ ಬಳಿಕವೂ ಫಲ ಕೊಡುತ್ತಿತ್ತು. ಇದನ್ನು ಓದಿ ಉತ್ಸಾಹಗೊಂಡವರು ಇನ್ನೊಂದನ್ನೂ ಓದಬೇಕು: ಎರಡನೆಯ ಬಗೆಯ ಮಧುಮೇಹದ ಹಳೆಯ ರೋಗಿಗಳಲ್ಲಿ, ಹೃದ್ರೋಗದ ಅಪಾಯ ಹೆಚ್ಚಾಗಿದ್ದವರಲ್ಲಿ, ಸಕ್ಕರೆಯನ್ನು ಹಟ ಹಿಡಿದು ಆರೋಗ್ಯವಂತರ ಮಟ್ಟಕ್ಕೆ ಇಳಿಸಹೊರಟ ಅಮೆರಿಕದ ಪ್ರಯೋಗವೊಂದನ್ನು, ಸಾವುಗಳು ಹೆಚ್ಚಾದುದರಿಂದ, 2008ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಯಾರಿಗೆ ಎಷ್ಟು ಎಂಬುದನ್ನು ಅವರವರ ವೈದ್ಯರೇ ನಿರ್ಣಯಿಸಬೇಕು. ನೆರೆಮನೆಯವರ ಅಂಕಿಯಿಂದ ನಿರ್ಣಯವಾಗದು.

ಅಳತೆಯ ವಿಚಾರದಲ್ಲಿ ಅಧ್ಯಾಪಕರಿಗೆ ಒಂದು ಮಾತು. ರಕ್ತಪರೀಕ್ಷೆಗೆ ಎರಡು ದಿನವಿರುವಾಗ ಮಿತಾಹಾರ ಕೈಗೊಂಡು ಒಳ್ಳೆಯ ಅಂಕ ಪಡೆದು ಬರುವ ಪದ್ಧತಿ ನಮ್ಮಲ್ಲಿದೆ. ಹಿಂದಿನ ರಾತ್ರಿ ಓದಿ ತೇರ್ಗಡೆಯಾಗುವ ವಿದ್ಯಾರ್ಥಿಯನ್ನು ಗದರಿಸುವವರೇ ಹೀಗೆ ಮಾಡುತ್ತಾರೆ. ಇದಕ್ಕೆ ಪ್ರತಿಯಾಗಿ ಹಾಜರಿ ಪುಸ್ತಕವೊಂದು ನಮ್ಮ ರಕ್ತದಲ್ಲಿಯೇ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಅದರ ಹಿಮೊಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಿರುತ್ತದೆ. ಎಷ್ಟು ಅಂಟಿದೆಯೆಂದು ನೋಡಿದರೆ ಎರಡು ಮೂರು ತಿಂಗಳ ನಡವಳಿಕೆ ಗೊತ್ತಾಗುತ್ತದೆ. ಮಧುಮೇಹಿಗಳಲ್ಲಿ ಇದು ಹೆಚ್ಚಾಗಿರುವುದನ್ನು ಮೊದಲು ಗುರುತಿಸಿದವರು ಇರಾನಿನ ಸಾಮುಯೆಲ್ ರಹಬಾರ್, 1960ರ ದಶಕದ ಕೊನೆಯಲ್ಲಿ. ಎಚ್‌ಬಿಎ1ಸಿ ಎಂದು ಚೀಟಿಯಲ್ಲಿ ಬರೆದಿರುವುದು ಇದೇ. ಶೇಕಡಾ 5.7ಕ್ಕಿಂತ ಕಡಿಮೆಯಾದರೆ ಸಹಜ, 6.5 ಅಥವಾ ಮೇಲಾದರೆ ಮಧುಮೇಹ, ನಡುವಿನದು ಹೊಸ್ತಿಲು. ರಕ್ತಹೀನತೆಯಿದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸುವುದುಂಟು. ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು 2023ರಲ್ಲಿ ಅಂದಾಜು ಮಾಡಿತು.

ನನ್ನ ಸ್ವಂತ ವಿಷಯವನ್ನು ಹೇಳದೆ ಬಿಟ್ಟರೆ ಲೇಖನ ಅಪೂರ್ಣವಾದೀತು. ಕಳೆದ ಮಾಘದಲ್ಲಿ ಮಂಗಳೂರಿನ ನೇತ್ರವೈದ್ಯರು ನನ್ನ ಕಣ್ಣಿಗೆ ಔಷಧ ಬಿಟ್ಟು, ಪಾಪೆಯನ್ನು ಅರಳಿಸಿ, ಅಕ್ಷಿಪಟದ ಚಿತ್ರ ತೆಗೆದರು. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳ ಕಣ್ಣೊಂದೇ. ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಅರಳಿಯ ಎಲೆಯ ನರಗಳಂತೆ ಕವಲೊಡೆದ ನಾಳಗಳು. ಎಡಗಣ್ಣಿನ ಚಿತ್ರದಲ್ಲಿ ಸಾಸಿವೆಗಿಂತ ಕಿರಿದಾದ ಮೂರು ಕೆಂಪು ಚುಕ್ಕೆಗಳು. ಲೋಮನಾಳದ ಗೋಡೆಗೆ ಆಸರೆಯಾಗಿದ್ದ ಕೋಶಗಳು ಸತ್ತು, ಅಲ್ಲಿ ಗೋಡೆ ಗುಳ್ಳೆಯಂತೆ ಉಬ್ಬಿದಾಗ ಹೀಗೆ ಕಾಣುತ್ತದೆಯಂತೆ. ದೃಷ್ಟಿಗೆ ಏನೂ ಆಗಿಲ್ಲ. ಓಲೆಗರಿಯ ಮೇಲೆ ಮಸಿ ತುಂಬದ ಅಕ್ಷರಗಳನ್ನೂ ಓರೆಬೆಳಕಿನಲ್ಲಿ ಓದಬಲ್ಲೆ. ಆದರೆ ಮೂವತ್ತು ವರ್ಷ ಈ ಎರಡು ಕಣ್ಣುಗಳಿಂದಲೇ ಅನ್ನ ಉಂಡವನಿಗೆ ಆ ಮೂರು ಚುಕ್ಕೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಸಂಪಾದಿಸುತ್ತಿರುವ ಒಂದು ಹಸ್ತಪ್ರತಿಯಲ್ಲಿ ಇನ್ನೂ 140 ಗರಿಗಳ ಪಾಠ ನಿಷ್ಕರ್ಷೆಯಾಗಬೇಕಾಗಿದೆ.

ಮೂತ್ರಪರೀಕ್ಷೆಯನ್ನೂ ಮಾಡಿಸಿದರು. ಈ ಸಲ ನೋಡಿದುದು ಸಕ್ಕರೆಯನ್ನಲ್ಲ, ಆಲ್ಬುಮಿನ್ ಎಂಬ ಸಸಾರಜನಕದ ಕಿಂಚಿತ್ ಅಂಶವನ್ನು. ಮೂತ್ರಪಿಂಡದ ಸೋಸುಗೋಡೆಯ ಒಳಪೊರೆ ಹಾಳಾದರೆ ಅದು ಸೋರತೊಡಗುತ್ತದೆ. ಮೂತ್ರವನ್ನು ನೋಡಿ ರೋಗವನ್ನು ಹೆಸರಿಸಿದ ಪ್ರಾಚೀನರ ಜಾಡಿಗೇ ವೈದ್ಯಶಾಸ್ತ್ರ ಬೇರೊಂದು ಅರ್ಥದಲ್ಲಿ ಮರಳಿದೆ. ನನ್ನದು ಸೋರುತ್ತಿಲ್ಲವೆಂದು ವರದಿ ಬಂದಿತು.

ಔಷಧದ ವಿಚಾರ ವೈದ್ಯರದು. ನಾನು ಮಾಡುತ್ತಿರುವುದು ಕಡಿಮೆ. ಕರಾವಳಿಯ ಕುಚ್ಚಲಕ್ಕಿಯ ಗಂಜಿ ಸಾತ್ವಿಕವೆಂಬ ಕಾರಣಕ್ಕೆ ಎರಡು ಬಟ್ಟಲು ಕುಡಿಯುವಂತಿಲ್ಲ. ನಾಲಗೆಗೆ ಸಿಹಿಯೆನಿಸದ ಅನ್ನವೂ ರಕ್ತಕ್ಕೆ ಸೇರುವಾಗ ಸಕ್ಕರೆಯೇ. ಗಣಿತದ ಮೇಷ್ಟರು ಹುಗ್ಗಿಯನ್ನು ಬಿಟ್ಟು ಅನ್ನವನ್ನು ಮೂರು ಸಲ ಬಡಿಸಿಕೊಳ್ಳುತ್ತಿದ್ದರು. ಅದನ್ನು ಬೇಡವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಈಗ ನಾನು ಮೊದಲು ಪಲ್ಯ ಬೇಳೆಗಳನ್ನು ಉಂಡು ಕೊನೆಗೆ ಅನ್ನ ಉಣ್ಣುತ್ತೇನೆ. ಊಟದ ಮೇಲೆ ಮಾರಿಗುಡಿಯ ಮುಂದಿನಿಂದ ಹೊರಟು ಬೋಳೂರಿನ ಕಡೆಗೆ, ಒಮ್ಮೊಮ್ಮೆ ಸುಲ್ತಾನ್ ಬತ್ತೇರಿಯ ನದೀತೀರದವರೆಗೂ ನಡೆಯುತ್ತೇನೆ. ನಡೆದರೆ ಸಕ್ಕರೆ ಕರಗುವುದೆಂದು ಎಲ್ಲರೂ ಬಲ್ಲರು; ಅದಕ್ಕಿಂತ ನನಗೆ ಹಿಡಿಸಿದ ಕಾರಣ ಇನ್ನೊಂದಿದೆ. ರಕ್ತ ವೇಗವಾಗಿ ಹರಿದಾಗ ಒಳಪೊರೆಯ ಮೇಲೆ ಅದರ ಉಜ್ಜುವಿಕೆ ಹೆಚ್ಚುತ್ತದೆ, ಆ ಉಜ್ಜುವಿಕೆಯನ್ನೇ ಸಂಜ್ಞೆಯಾಗಿ ತಿಳಿದು ಕೋಶಗಳು ಹೆಚ್ಚು ನೈಟ್ರಿಕ್ ಆಕ್ಸೈಡನ್ನು ತಯಾರಿಸುತ್ತವೆ. ಹೊಗೆಸೊಪ್ಪು ಸೇದುವವರಲ್ಲಿ, ರಕ್ತದ ಒತ್ತಡವನ್ನು ಏರಗೊಟ್ಟವರಲ್ಲಿ ಈ ಲಾಭ ನಷ್ಟವಾಗುತ್ತದೆ.

ಆಡಳಿತ ಮಂಡಳಿಯವರಲ್ಲಿಯೂ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಪ್ರತಿವರ್ಷ ಶಾಲೆಯಲ್ಲಿ ನೇತ್ರ ತಪಾಸಣೆ ನಡೆದಾಗ ಮಕ್ಕಳ ಕನ್ನಡಕದ ಅಂಕಿಯನ್ನು ನೋಡುತ್ತಾರೆ. ಅದೇ ದಿನ ನಲವತ್ತು ದಾಟಿದ ಅಧ್ಯಾಪಕರು, ಅಡುಗೆಮನೆಯ ಮತ್ತು ವಸತಿನಿಲಯದ ಸಿಬ್ಬಂದಿ ಇವರಿಗೂ ಮೂರು ತಿಂಗಳ ಸಕ್ಕರೆಯ ಪರೀಕ್ಷೆ, ಮೂತ್ರದ ಆಲ್ಬುಮಿನ್, ಅಕ್ಷಿಪಟದ ಚಿತ್ರ, ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಇವು ನಾಲ್ಕನ್ನೂ ಮಾಡಿಸಬಹುದು. ಒಂದು ಮುಂಜಾವಿನ ಕೆಲಸ. ಕಟ್ಟಡಕ್ಕೆ ಕೊಡುವ ದೇಣಿಗೆಯ ಪಕ್ಕದಲ್ಲಿ ಇದರ ವೆಚ್ಚ ಹೇಳಿಕೊಳ್ಳುವಷ್ಟಿಲ್ಲ.

ಗಣಿತದ ಮೇಷ್ಟರು ಕೃತಕ ಕಾಲಿನಲ್ಲಿ ನಡೆಯುವುದನ್ನು ರೂಢಿಸಿಕೊಂಡಿದ್ದಾರೆ. ಹತ್ತನೆಯ ತರಗತಿಯ ಹುಡುಗರು ಸಂಜೆ ಅವರ ಮನೆಗೆ ರೇಖಾಗಣಿತ ಹೇಳಿಸಿಕೊಳ್ಳಲು ಹೋಗುತ್ತಾರೆ. ಉಳಿದ ಕಾಲಿನ ಅಂಗಾಲನ್ನು ಪ್ರತಿರಾತ್ರಿ ಕನ್ನಡಿ ಹಿಡಿದು ಅವರ ಮೊಮ್ಮಗಳು ನೋಡಿ ‘ಸರಿಯಿದೆ’ ಎಂದ ಮೇಲೆಯೇ ಮಲಗುವುದೆಂದು ಕಳೆದ ವಾರ ದೂರವಾಣಿಯಲ್ಲಿ ಹೇಳಿದರು. ನನ್ನ ಕಣ್ಣಿನ ಮುಂದಿನ ಚಿತ್ರ ಬರುವ ಮಾಘದಲ್ಲಿ.